ನಮಗೆ ಬರಲ್ಲ ಸಾರ್

ದೊಡ್ಡವರ ಕೊಳೆ ನಮ್ಮ ತಲೆಯ ಮೇಲೆ ಬೀಳುತ್ತದೆ. ಡೈಲಾಗ್ ಹೊಡೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಜವಾಗಿಯೂ ಬೀಳುತ್ತದೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಲಾಂಡ್ರಿ. ಮೇಲಿನ ಮಹಡಿಯಿಂದ ನಮ್ಮ ತನಕ ಒಂದು ತಗಡಿನ ಕೊಳವೆ. ಒಬ್ಬ ಮನುಷ್ಯ ಜಾರಿ ಬರುವಷ್ಟು ದಪ್ಪ. ಪ್ರತಿ ಮಹಡಿಯಲ್ಲೂ ಅದಕ್ಕೊಂದು ಪುಟ್ಟ ಬಾಗಿಲು. ವಾರ್ಡಿನ ಆಯಾಗಳು ಕೊಳೆ ಬಟ್ಟೆಯನ್ನು ಗಂಟು ಕಟ್ಟಿ ಆ ಬಾಗಿಲಿನಿಂದ ತಳ್ಳುತ್ತಾರೆ. ಧಡಧಡ ಧಡಧಡ, ಧಪ್. ರಕ್ತ, ಕೀವು, ವಾಂತಿ, ಉಚ್ಚೆ. ಯಾವುದು ಬೇಕೋ ಆರಿಸಿಕೊಳ್ಳಿ.

ಆ ಕೊಳವೆಗೆ ನಾನಿಟ್ಟ ಹೆಸರು ಆಕಾಶವಾಣಿ. ಮೇಲಿನಿಂದ ಬರುತ್ತದೆ. ಎದುರು ಮಾತಾಡುವ ಹಾಗಿಲ್ಲ.

ನನ್ನ ಹೆಸರು ಡೈಲಾಗ್. ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಸಿನಿಮಾ ನೋಡಿ ನೋಡಿ ನನ್ನ ಬಾಯಿ ಹೀಗಾಗಿದೆ. ಟ್ರಾಲಿ ತಳ್ಳುವಾಗಲೂ ಹಿನ್ನೆಲೆ ಸಂಗೀತ ನಾನೇ ಕೊಟ್ಟುಕೊಳ್ಳುತ್ತೇನೆ. ಆದರೂ ಈ ಕಥೆಗೆ ಹೀರೋ ನಾನಲ್ಲ. ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಈ ಕೆಲಸಕ್ಕೆ ಎಳೆದುಕೊಂಡು ಬಂದವಳು, ದಿನಕ್ಕೊಂದು ಸಲ ನನ್ನ ಬೆನ್ನಿಗೆ ಬಾರಿಸುವವಳು. ಕೊಳವೆಯಿಂದ ಬಿದ್ದ ಗಂಟು ಬಿಚ್ಚಿ ವಿಂಗಡಿಸುವ ಮೇಜು ಅವಳದು. ಗಂಟಿನೊಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸೂಜಿ ಇರಬಹುದು, ಬ್ಲೇಡು ಇರಬಹುದು, ಯಾರದೋ ಹಲ್ಲಿನ ಸೆಟ್ಟು ಇರಬಹುದು. ಕೈ ಹಾಕಿಯೇ ನೋಡಬೇಕು. ಕೈಗವಸು ಕೊಡುತ್ತಾರೆ. ಹರಿದರೆ ಹೊಸದು ಬರುತ್ತದೆ. ಬರುವ ತನಕ ಹರಿದದ್ದೇ ಗತಿ. ಬ್ಲೀಚಿಂಗ್ ಪುಡಿ ಅವಳ ಬೆರಳ ತುದಿಯನ್ನು ತಿಂದು ಹಾಕಿದೆ. ಹಾಜರಿ ಹಾಕುವ ಮಷೀನು ಅವಳ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ. ‘ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ.

“ನಿಮ್ಮಪ್ಪನ್ನ ಕರಿ, ಅವನಿಗೆ ಗುರುತು ಸಿಗತ್ತೆ,” ಅಂತ ಚಿಕ್ಕಮ್ಮ ಮಷೀನಿಗೇ ಬೈಯುತ್ತಾಳೆ.

ಇನ್ನೊಂದು ವಿಷಯ. ಚಿಕ್ಕಮ್ಮ ಚಮಚದಲ್ಲಿ ಊಟ ಮಾಡುತ್ತಾಳೆ. ನಮ್ಮ ಬೀದಿಯಲ್ಲಿ ಉಳಿದವರೆಲ್ಲ ಕೈಯಲ್ಲಿ. ಅದಕ್ಕೇ ಅವಳಿಗೆ ಫಾರಿನ್ ಅಕ್ಕ ಅಂತ ಹೆಸರು. ನಾನೂ ರೇಗಿಸುತ್ತಿದ್ದೆ. “ಏನ್ ಸ್ಟೈಲು, ಏನ್ ಬಿಲ್ಡಪ್ಪು! ಫೋರ್ಕ್ ತರ್ಲಾ ಮೇಡಂ?” ಅವಳು ಚಮಚದಿಂದಲೇ ನನ್ನ ಮಂಡೆಗೆ ಕುಟ್ಟುತ್ತಿದ್ದಳು. ಬೇರೇನೂ ಹೇಳುತ್ತಿರಲಿಲ್ಲ.

ಆಸ್ಪತ್ರೆಯ ಪಕ್ಕದಲ್ಲೇ ಅದೇ ಮಾಲೀಕರ ಕಾಲೇಜು. ಒಂದು ದಿನ ಲಿಫ್ಟಿನ ಪಕ್ಕ ಒಂದು ಪೋಸ್ಟರ್ ಬಂತು. ಬೆಳ್ಳಗಿನ ಏಪ್ರನ್ ತೊಟ್ಟ ಒಬ್ಬಳು ಬೆಳ್ಳಗಿನ ಟವೆಲ್ ಹಿಡಿದು ಬೆಳ್ಳಗೆ ನಗುತ್ತಿದ್ದಳು. ನಮ್ಮ ಲಾಂಡ್ರಿಯಲ್ಲಿ ಅಷ್ಟು ಹಲ್ಲು ಯಾರಿಗೂ ಇಲ್ಲ. ಕೆಳಗೆ ಬರೆದಿತ್ತು: ‘ಬದುಕು ಕಲಿಸಿದ್ದಕ್ಕೆ ನಾವು ಕ್ರೆಡಿಟ್ ಕೊಡುತ್ತೇವೆ.’

ನಾನು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಚಿಕ್ಕಮ್ಮ, ಇಸ್ತ್ರಿ ಮಾವ ನಿಂತಿದ್ದರು. ಮಾವ ಅಂದರೆ ಕೋಟುಗಳಿಗೆ ಇಸ್ತ್ರಿ ಹಾಕುವ ಮುದುಕ. ಎಲ್ಲರಿಗೂ ಮಾವ, ಚಿಕ್ಕಮ್ಮನಿಗೆ ಮಾತ್ರ ಅಣ್ಣ.

“ಕ್ರೆಡಿಟ್ ಅಂದ್ರೆ ಏನೋ?” ಅಂದಳು ಚಿಕ್ಕಮ್ಮ.

“ಅಂಗಡಿಲಿ ಕೊಡ್ತಾನಲ್ಲಮ್ಮ, ಕೊಟ್ಟು ಆಮೇಲೆ ಬೀದೀಲಿ ನಿಂತು ಬೈತಾನಲ್ಲ, ಅದು,” ಅಂದ ಮಾವ.

“ಅಲ್ಲ ಮಾವ. ಸಿನಿಮಾ ಮುಗಿದ ಮೇಲೆ ಹೆಸರುಗಳು ಮೇಲಕ್ಕೆ ಓಡ್ತಾವಲ್ಲ, ಯಾರ್ಯಾರು ಏನೇನು ಕೆಲಸ ಮಾಡಿದ್ರು ಅಂತ. ಅದು.”

“ಅಷ್ಟೊತ್ತಿಗೆ ಎಲ್ರೂ ಎದ್ದು ಹೋಗಿರ್ತಾರಲ್ಲೋ.”

“ಅದೇ ಮಾವ. ಅದಕ್ಕೇ ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ.”

ವಿಷಯ ಇಷ್ಟು. ಆಸ್ಪತ್ರೆಯ ಬಟ್ಟೆಬರೆ ನೋಡಿಕೊಳ್ಳುವುದರ ಬಗ್ಗೆ ಕಾಲೇಜಿನವರು ಒಂದು ಕೋರ್ಸ್ ತೆಗೆದಿದ್ದರು. ಇನ್ನು ಮೇಲೆ ಆ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಸೂಪರ್‌ವೈಸರ್ ಕೆಲಸ. ನಮ್ಮ ಲಾಂಡ್ರಿಯಲ್ಲಿ ಆ ಕುರ್ಚಿ ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಕುರ್ಚಿ ಖಾಲಿ, ಕೆಲಸ ಚಿಕ್ಕಮ್ಮನದು. ಹೆಸರಿಲ್ಲ, ಸಂಬಳವಿಲ್ಲ, ಬೈಗುಳ ಮಾತ್ರ ಸೂಪರ್‌ವೈಸರ್ ದರ್ಜೆಯದು. ಕೋರ್ಸಿಗೆ ಸೇರಿದರೆ ಹಗಲೆಲ್ಲ ಪಾಠ. ಹಗಲೆಲ್ಲ ಪಾಠ ಅಂದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ತಿನ್ನುವುದೇನು? ಪುಸ್ತಕ? ಆದರೆ ಕೆಲಸದಲ್ಲಿ ಕಲಿತದ್ದಕ್ಕೆ ಕ್ರೆಡಿಟ್ ಸಿಕ್ಕರೆ ಅರ್ಧ ಕೋರ್ಸ್ ಮಾಫಿ. ಉಳಿದರ್ಧಕ್ಕೆ ಸಂಜೆ ಕ್ಲಾಸು.

ಚಿಕ್ಕಮ್ಮನ ಕಣ್ಣು ಆ ಪೋಸ್ಟರಿನ ಮೇಲೆ ಅಂಟಿಕೊಂಡಿತು. ಅವಳು ಶಾಲೆ ಬಿಟ್ಟದ್ದು ನನ್ನ ಅಮ್ಮನಿಗೆ ಹುಷಾರಿಲ್ಲದೆ, ಮನೆ ನೋಡಿಕೊಳ್ಳಲು. ಅದನ್ನು ಯಾವತ್ತೂ ಹೇಳಿಕೊಂಡವಳಲ್ಲ. ಆದರೆ ಯಾರಾದರೂ ಪುಸ್ತಕ ಹಿಡಿದು ಹೋದರೆ ಅವಳ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತದೆ.

“ಹಾಕ್ತೀನಿ ಕಣೋ ಅರ್ಜಿ,” ಅಂದಳು.

“ಹಾಕು ಚಿಕ್ಕಮ್ಮ. ನೀನು ಎಂಟ್ರಿ ಕೊಟ್ರೆ ಕಾಲೇಜಿನ ಕಿಟಕಿ ಗಾಜೆಲ್ಲ ಪುಡಿ ಪುಡಿ.”

“ಗಾಜು ಒಡೆದ್ರೆ ಗುಡಿಸೋರು ಯಾರು? ಬಾಯ್ಮುಚ್ಚು.”

ಚಿಕ್ಕಮ್ಮ ಹಾಕಿದಳು ಅಂತ ಇಸ್ತ್ರಿ ಮಾವನೂ ಹಾಕಿದ. ಬೇರೆ ಕೆಲಸಗಳಿಗೂ ಇಂಥದ್ದೇ ಕೋರ್ಸುಗಳಿದ್ದವು. ಅಡುಗೆಮನೆಯ ಹೆಂಗಸರು ಅವರ ಕೋರ್ಸಿಗೆ, ಆಯಾಗಳು ಅವರ ಕೋರ್ಸಿಗೆ, ತೋಟದವನು ತೋಟದ್ದಕ್ಕೆ. ಇಡೀ ಆಸ್ಪತ್ರೆಯ ಕೆಳಗಿನವರೆಲ್ಲ ಮೇಲಕ್ಕೆ ಮುಖ ಎತ್ತಿದರು.

ಸಂದರ್ಶನದ ದಿನ ಚಿಕ್ಕಮ್ಮ ಹೊಸ ಚಪ್ಪಲಿ ಹಾಕಿದ್ದಳು. ಜೊತೆಗೆ ಒಬ್ಬರು ಬರಬಹುದು ಅಂದಿದ್ದರು, ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿ. ನಾನು ಹೋದೆ. ನಮಗಿಂತ ಮುಂಚೆ ಒಳಗೆ ಹೋದವನು ಟೈ. ಟೈ ಅಂದರೆ ಆಸ್ಪತ್ರೆಯ ಮ್ಯಾನೇಜರ್ ಬಾಮೈದ. ಕುರ್ಚಿ ತುಂಬುವ ತನಕ ಲಾಂಡ್ರಿ ಮೇಲ್ವಿಚಾರಣೆ ಅಂತ ಅವನಿಗೆ ಹೇಳಿದ್ದಾರೆ. ಮೇಲೆ ಕೂತು ವಿಚಾರಣೆ ಮಾಡುತ್ತಾನೆ, ಅಷ್ಟೇ. ಕೆಳಗೆ ಬಂದರೆ ಮೂಗಿಗೆ ಟೈ ಒತ್ತಿಕೊಳ್ಳುತ್ತಾನೆ. ಟೈ ಯಾಕೆ ಕಟ್ಟಿಕೊಳ್ಳುತ್ತಾರೆ ಅಂತ ನನಗೆ ತಿಳಿದದ್ದು ಅವನನ್ನು ನೋಡಿದ ಮೇಲೆಯೇ.

ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತು ಕೇಳುತ್ತಿತ್ತು.

“ನಿಮ್ಮ ಮನೇಲಿ ಯಾರಾದ್ರೂ ಮುಂಚೆ ಈ ಕೆಲಸ ಮಾಡಿದ್ರಾ?”

“ಛೆ ಛೆ ಛೆ! ಇಲ್ಲ ಸಾರ್!”

“ಅಂದ್ರೆ ಏನಿದ್ರೂ ಸ್ವಂತ ಕಲಿಕೆ.”

“ಪೂರ್ತಿ ಸ್ವಂತ ಸಾರ್.”

“ಭೇಷ್.”

ಟೈ ನಗುತ್ತಾ ಹೊರಗೆ ಬಂದ. ನಾವು ಒಳಗೆ ಹೋದೆವು.

ತಣ್ಣನೆ ರೂಮು. ಮೇಜಿನ ಹಿಂದೆ ಇಬ್ಬರು. ಒಬ್ಬರು ಕನ್ನಡಕ ಸಾರ್, ಬಿಳಿ ಕೋಟಿನ ದೊಡ್ಡ ಡಾಕ್ಟರ್, ಕಾಲೇಜಿನ ಮುಖ್ಯಸ್ಥರು. ಇನ್ನೊಬ್ಬರು ಮೇಡಂ, ಬರೆದುಕೊಳ್ಳುವವರು. ಚಿಕ್ಕಮ್ಮ ಕೂರುವುದಕ್ಕೆ ಮುಂಚೆಯೇ ಮೇಜುಬಟ್ಟೆಯ ಅಂಚನ್ನು ಎತ್ತಿ ನೋಡಿದಳು.

“ಇದು ನಮ್ದೇ. ಈ ಮೂಲೇಲಿ ಶಾಯಿ ಚೆಲ್ಲಿದ್ರಿ. ತೆಗೆಯೋಷ್ಟರಲ್ಲಿ ಜೀವ ಬಾಯಿಗೆ ಬಂತು.”

ಮೇಡಂ ನಕ್ಕರು. ಕನ್ನಡಕ ಸಾರ್ ಪ್ರಶ್ನೆ ಶುರು ಮಾಡಿದರು. ರಕ್ತದ ಬೆಡ್‌ಶೀಟ್ ಬಂದ್ರೆ ಏನ್ಮಾಡ್ತೀರಿ? ಮೊದಲು ತಣ್ಣೀರು, ಬಿಸಿನೀರು ಹಾಕಿದ್ರೆ ಕಲೆ ಕೂತುಬಿಡತ್ತೆ. ಅಂಟು ಕಾಯಿಲೆ ವಾರ್ಡಿನ ಗಂಟು? ಬಿಚ್ಚೋದೇ ಇಲ್ಲ, ಬೇರೆ ಮಷೀನು. ಚಿಕ್ಕಮ್ಮ ಪಟಪಟ ಹೇಳುತ್ತಾ ಹೋದಳು. ಸುಮ್ಮನೆ ಹೇಳಲಿಲ್ಲ. ಜಂಬ ಕೊಚ್ಚಿಕೊಂಡು, ಕೈ ಬೀಸಿ, ಮಧ್ಯೆ ಮಧ್ಯೆ “ಇದೇನ್ ಮಹಾ ಪ್ರಶ್ನೆ ಸಾರ್” ಅಂತ ಸೇರಿಸಿ ಹೇಳಿದಳು. ನಾನು ಹಿಂದೆ ನಿಂತು ಒಳಗೊಳಗೇ ಶಿಳ್ಳೆ ಹೊಡೆಯುತ್ತಿದ್ದೆ.

“ನಿಮ್ಮ ತಾಯಿ ಏನು ಮಾಡ್ತಿದ್ರು?” ಅಂದರು ಕನ್ನಡಕ ಸಾರ್.

“ಬಟ್ಟೆ ಒಗೀತಿದ್ಲು ಸಾರ್, ಮನೆಮನೆಗೆ ಹೋಗಿ.”

“ಅವರ ತಾಯಿ?”

“ಅವ್ಳೂ ಅದೇ ಕೆಲಸ.”

ಸಾರ್ ಕುರ್ಚಿಗೆ ಒರಗಿದರು. ಮುಖವೆಲ್ಲ ಅರಳಿತು. “ನೋಡಿದ್ರಾ ಮೇಡಂ! ರಕ್ತದಲ್ಲೇ ಬಂದಿದೆ ಇವರಿಗೆ. ಹುಟ್ಟಿನಿಂದ ಬಂದಿದ್ದು. ಮೀನಿಗೆ ಈಜೋದು ಯಾರಾದ್ರೂ ಹೇಳಿಕೊಡ್ತಾರಾ?”

ಚಿಕ್ಕಮ್ಮ ನಾಚಿಕೊಂಡಳು. ನನ್ನ ಚಿಕ್ಕಮ್ಮ! ಹಾಜರಿ ಮಷೀನಿನ ಅಪ್ಪನನ್ನು ಕರೆಯುವವಳು! ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಸೆರಗು ಹುಡುಕಿದಳು.

ಹೊರಗೆ ಬಂದು ಕುಣಿದೆವು. “ರಕ್ತದಲ್ಲೇ ಇದೆ ಅಂದ್ರಲ್ಲೋ, ಕೇಳಿಸ್ಕೊಂಡ್ಯಾ?” “ಕೇಳಿಸ್ಕೊಂಡೆ ಚಿಕ್ಕಮ್ಮ, ಕ್ಲೈಮ್ಯಾಕ್ಸಲ್ಲಿ ಹೀರೋಗೆ ಹೇಳೋ ಮಾತು ಅದು! ರಕ್ತದಲ್ಲೇ ಇದೆ ಅಂದ್ಮೇಲೆ ಮುಗೀತು, ಎದುರಾಳಿ ಸತ್ತ.” ಟೀ ಕುಡಿಸಿದಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ಪಾರ್ಟಿ.

ಫಲಿತಾಂಶವನ್ನು ಟೈ ತಂದ. ಲಾಂಡ್ರಿಯ ಮಧ್ಯೆ ನಿಂತು, ಮೂಗಿಗೆ ಟೈ ಒತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಓದಿದ. “ಸಾಮರ್ಥ್ಯ ಸಹಜವಾದದ್ದು. ವಂಶದಿಂದ ಬಂದದ್ದು. ಕಲಿಕೆ ಕಂಡುಬಂದಿಲ್ಲ. ಕ್ರೆಡಿಟ್, ಸೊನ್ನೆ.”

ಮಷೀನುಗಳು ತಿರುಗುತ್ತಿದ್ದವು.

“ಇಸ್ತ್ರಿ ಅವರಿಗೂ ಸೊನ್ನೆ. ಅಡುಗೆಮನೆಗೂ, ಆಯಾಗಳಿಗೂ. ಎಲ್ಲಾ ವಂಶದಿಂದ ಬಂದದ್ದೇ,” ಅಂದ ಟೈ. “ನಂಗೆ ಪೂರ್ತಿ ಸಿಕ್ಕಿದೆ. ಉಳಿದರ್ಧ ಕೋರ್ಸ್ ಆಮೇಲೆ ಮುಗಿಸಿದ್ರೆ ಸಾಕಂತೆ. ಸೋಮವಾರದಿಂದ ಆ ಕುರ್ಚೀಲಿ ನಾನಿರ್ತೀನಿ. ಬೇಜಾರ್ ಮಾಡ್ಕೋಬೇಡಮ್ಮ. ನಿಮಗೇನು, ಕಲೀದೇನೇ ಬರತ್ತೆ. ನಮ್ಮಂಥೋರು ಕಷ್ಟಪಟ್ಟು ಕಲೀಬೇಕು.”

ಅವನು ಹೋದ. ಚಿಕ್ಕಮ್ಮ ಗಂಟು ಬಿಚ್ಚುತ್ತಲೇ ಇದ್ದಳು. ನಾನು ಬಾಯಿ ತೆರೆದೆ. ಒಂದು ಡೈಲಾಗೂ ಹೊರಗೆ ಬರಲಿಲ್ಲ. ಇಷ್ಟು ಸಿನಿಮಾ ನೋಡಿದ್ದು ದಂಡ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಕೂತೆವು. ಚಿಕ್ಕಮ್ಮ ಡಬ್ಬಿ ತೆರೆದು ಚಮಚ ತೆಗೆದಳು. ಅದನ್ನೇ ನೋಡುತ್ತಾ ಕೂತಳು.

“ಫಾರಿನ್ ಅಕ್ಕ ಅಂತೀಯಲ್ಲ,” ಅಂದಳು. “ಯಾಕೆ ಗೊತ್ತಾ ಈ ಚಮಚ?”

ನಾನು ಇಲ್ಲ ಅಂತ ತಲೆಯಾಡಿಸಿದೆ.

“ಮೊದಲನೇ ದಿನ ಆ ಕೊಳವೆ ಕೆಳಗೆ ನಿಂತಿದ್ದೆ. ಅಲ್ಲಿ ನಿಲ್ಲಬಾರದು ಅಂತ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ. ಹೆರಿಗೆ ವಾರ್ಡಿನ ಗಂಟು ತಲೆ ಮೇಲೆ ಬಿತ್ತು. ಬಿಚ್ಕೊಂಡ್ತು. ಬಾಯೊಳಗೆಲ್ಲ ಹೋಯ್ತು. ವಾಂತಿ ಮಾಡ್ಕೊಂಡೆ. ಆ ವಾಂತೀನೂ ನಾನೇ ಒಗೆದೆ. ಮಧ್ಯಾಹ್ನ ಡಬ್ಬಿ ತೆಗೆದ್ರೆ ಕೈ ಬಾಯಿ ಹತ್ರ ಬರ್ಲಿಲ್ಲ. ತೊಳೆದೆ. ಮತ್ತೆ ತೊಳೆದೆ. ಉಜ್ಜಿ ಉಜ್ಜಿ ಚರ್ಮ ಕಿತ್ತೋಯ್ತು. ಆದ್ರೂ ಬರ್ಲಿಲ್ಲ. ನನ್ನ ಕೈ, ನನ್ನ ಬಾಯಿ, ಬರಲ್ಲ ಅಂತ ಹಟ. ಆವತ್ತಿಂದ ಚಮಚ.”

ಇಸ್ತ್ರಿ ಮಾವ ತುತ್ತನ್ನು ಡಬ್ಬಿಗೇ ಇಳಿಸಿದ.

“ಅಮ್ಮ ಬಟ್ಟೆ ಒಗೀತಿದ್ಲು, ಹೌದು. ಬೆವರಿನ ಅಂಗಿ, ಮಕ್ಕಳ ಚಡ್ಡಿ. ಅವಳು ಕೈಯಲ್ಲೇ ಉಂಡಳು, ಕೈಯಲ್ಲೇ ನಂಗೆ ಉಣಿಸಿದ್ಲು. ಇದು ರಕ್ತದಲ್ಲೇ ಬಂದಿದ್ರೆ ನಂಗ್ಯಾಕೋ ಚಮಚ ಬೇಕಿತ್ತು?”

ಅಷ್ಟು ಹೇಳಿ ಊಟ ಮಾಡಿದಳು. ಚಮಚದಲ್ಲೇ.

ಸಿಟ್ಟು ಬಂದರೆ ನನಗೆ ಬರುವುದು ಒಂದೇ, ತರಲೆ. ಮಾರನೇ ದಿನ ಡಾಕ್ಟರುಗಳ ಬಿಳಿ ಕೋಟುಗಳ ಗಂಟು ಬಂತು. ಕನ್ನಡಕ ಸಾರ್ ಕೋಟೂ ಅದರಲ್ಲಿತ್ತು. ವಾರ್ಡಿಗೆ ಹೊಸದಾಗಿ ಬಂದ ಕೆಂಪು ಕಂಬಳಿ ಒಂದಿತ್ತು. ಬಣ್ಣ ಬಿಡುವ ಕಂಬಳಿ. ಎರಡನ್ನೂ ಒಂದೇ ಮಷೀನಿಗೆ ಹಾಕಿದೆ. ಬಿಸಿನೀರು ಬಿಟ್ಟೆ. ಗಾಜಿನಿಂದ ನೋಡುತ್ತಾ ಹಿನ್ನೆಲೆ ಸಂಗೀತ ಕೊಟ್ಟೆ.

ಕೋಟುಗಳು ಹೊರಬಂದವು. ಗುಲಾಬಿ. ಎಳೇ ಗುಲಾಬಿ. ಹೀರೋಯಿನ್ ಹಾಡಿಗೆ ಹಾಕಿಕೊಳ್ಳುವಂಥ ಗುಲಾಬಿ.

ಟೈ ಓಡಿ ಬಂದ. ಒಂದು ಕೈಯಲ್ಲಿ ಗುಲಾಬಿ ಕೋಟು, ಇನ್ನೊಂದು ಕೈ ಮೂಗಿಗೆ.

“ಏನೋ ಇದು? ಯಾವನೋ ಮಾಡಿದ್ದು?”

“ನಾನೇ ಸಾರ್.”

“ಬಿಳೀದ್ರ ಜೊತೆ ಕೆಂಪು ಹಾಕ್ತಾರೇನೋ? ನಿಂಗೆ ಕೆಲಸ ಬರಲ್ವಾ?”

ಬೈಗುಳ ತಪ್ಪಿಸಿಕೊಳ್ಳಲು ಬಾಯಿಗೆ ಸಿಕ್ಕಿದ್ದನ್ನು ಅಂದೆ. “ಬರಲ್ಲ ಸಾರ್.”

“ಬರಲ್ಲ ಅಂದ್ರೆ?”

“ಕಲಿಕೆ ಕಂಡುಬಂದಿಲ್ಲ ಅಂತ ನೀವೇ ಓದಿದ್ರಲ್ಲ ಸಾರ್. ರಕ್ತದಲ್ಲಿ ಬಂದಿರೋದು. ಒಂದೊಂದು ದಿನ ರಕ್ತ ಸರಿಯಾಗಿ ಓಡಲ್ಲ.”

ಟೈ ಸಿಕ್ಕಿಹಾಕಿಕೊಂಡ. ಬೈಯೋಣ ಅಂದರೆ, ಕಲಿತಿದ್ದೀಯಲ್ಲ, ಗೊತ್ತಿರಬೇಕಲ್ಲ ಅಂತ ಬೈಯಬೇಕು. ಹಾಗಂದರೆ ಸೊನ್ನೆ ಸುಳ್ಳಾಗುತ್ತದೆ. ಕೋಟು ಹಿಡಿದುಕೊಂಡು ಹಾಗೇ ವಾಪಸು ಹೋದ.

ನಾನು ಗೆದ್ದೆ ಅಂತ ತಿರುಗಿದೆ. ಒದ್ದೆ ಟವೆಲ್ ಕಪಾಳಕ್ಕೆ ಬಿತ್ತು.

“ಕೆಲಸ ಕೆಡಿಸ್ತೀಯೇನೋ, ಕತ್ತೆ! ನಾಳೆ ಅವರು ಏನಂತಾರೆ ಗೊತ್ತಾ? ನೋಡಿ, ನಿಜವಾಗ್ಲೂ ಏನೂ ಕಲಿತಿಲ್ಲ ಇವರು ಅಂತಾರೆ. ಸೊನ್ನೆಗೆ ನೀನೇ ಮೊಳೆ ಹೊಡೆದೆಯಲ್ಲೋ!”

“ಅಲ್ಲ ಚಿಕ್ಕಮ್ಮ...”

“ಏನ್ ಅಲ್ಲ? ಕೆಡಿಸೋದೇನ್ ದೊಡ್ಡ ವಿಷಯ? ಯಾವ ಮಂಗನೂ ಕೆಡಿಸತ್ತೆ.” ಟವೆಲ್ ಮತ್ತೆ ಎತ್ತಿದಳು. ಆದರೆ ಬೀಸಲಿಲ್ಲ. ಟವೆಲ್ ಗಾಳಿಯಲ್ಲೇ ನಿಂತಿತು. “ಅವನಿಗೆ ಏನಂದೆ ನೀನು?”

“ಬರಲ್ಲ ಅಂದೆ.”

“ಅದಕ್ಕವನು?”

“ಉಸಿರೆತ್ತಲಿಲ್ಲ.”

“ಬರಲ್ಲ,” ಅಂದಳು ಚಿಕ್ಕಮ್ಮ, ಬಾಯಲ್ಲಿ ಹಾಕಿಕೊಂಡು ರುಚಿ ನೋಡುವ ಹಾಗೆ. “ಬರಲ್ಲ. ಅಣ್ಣಾ, ನಿಂಗೆ ಇಸ್ತ್ರಿ ಬರತ್ತಾ?”

ಇಸ್ತ್ರಿ ಮಾವ ಅವಳ ಮುಖ ನೋಡಿದ. ಬೊಚ್ಚು ಬಾಯಿ ನಿಧಾನಕ್ಕೆ ಅಗಲವಾಯಿತು. “ಎಲ್ಲಿ ಬರತ್ತಮ್ಮ. ಆ ಪೆಟ್ಟಿಗೆ ಯಾಕೆ ಬಿಸಿ ಇರತ್ತೆ ಅನ್ನೋದೇ ನಂಗೊತ್ತಿಲ್ಲ.”

ಗುರುವಾರ ಕೋರ್ಸಿನ ಉದ್ಘಾಟನೆ. ಹೊರಗಿನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ಆಸ್ಪತ್ರೆಯ ಮೇಲಿನ ಮಹಡಿಯ ಸಭಾಂಗಣಕ್ಕೆ ಪರದೆ, ಮೇಜುಬಟ್ಟೆ, ಡಾಕ್ಟರುಗಳಿಗೆ ಬೆಳ್ಳಗಿನ ಕೋಟು, ಎಲ್ಲ ನಮ್ಮ ಹತ್ತಿರ ರಾಶಿ ಬಿದ್ದಿತ್ತು.

ಆವತ್ತು ಬೆಳಗ್ಗೆ ಚಿಕ್ಕಮ್ಮ ಎಲ್ಲರಿಗಿಂತ ಮುಂಚೆ ಬಂದಳು. ಆಪರೇಷನ್ ಥಿಯೇಟರಿನ ಬಟ್ಟೆ, ವಾರ್ಡುಗಳ ಬೆಡ್‌ಶೀಟ್, ಮಕ್ಕಳ ವಾರ್ಡಿನ ದಿಂಬಿನ ಕವರ್, ಎಲ್ಲ ಒಗೆಸಿ, ಒಣಗಿಸಿ, ಮಡಿಸಿ ಮೇಲೆ ಕಳಿಸಿಯಾಯಿತು. “ಕಾಯಿಲೆಯವರು ನಮಗೆ ಸೊನ್ನೆ ಕೊಟ್ಟಿಲ್ಲ,” ಅಂದಳು. ಆಮೇಲೆ ಮಷೀನು ನಿಲ್ಲಿಸಿದಳು. ಲಾಂಡ್ರಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

ಫೋನ್ ಬಡಿದುಕೊಂಡಿತು. ಟೈ. ನಾನೇ ಎತ್ತಿದೆ.

“ಪರದೆ, ಮೇಜುಬಟ್ಟೆ ತಗೊಂಡು ಎಲ್ರೂ ಮೇಲೆ ಬನ್ರೋ.”

“ಬರಲ್ಲ ಸಾರ್.”

“ಏನು, ಮೇಲೆ ಬರಲ್ವಾ, ಕೆಲಸ ಬರಲ್ವಾ?”

“ಎರಡೂ ಸಾರ್. ಒಂದೇ ಮಾತಲ್ಲಿ ಮುಗಿಸ್ತಿದೀನಿ, ನಿಮ್ಮ ಟೈಮ್ ಉಳೀಲಿ ಅಂತ.”

ಸ್ವಲ್ಪ ಹೊತ್ತಿಗೆ ಟೈ ಕೆಳಗೆ ಬಂದ. ಅವನ ಹಿಂದೆ ಮೇಡಂ. ಅವರ ಹಿಂದೆ, ದೇವರಾಣೆ, ಕನ್ನಡಕ ಸಾರ್. ನೆಲಮಾಳಿಗೆಗೆ ಅವರ ಮೊದಲ ಎಂಟ್ರಿ. ಗುಲಾಬಿ ಕೋಟಿನಲ್ಲಿ. ಬೇರೆ ಕೋಟು ನಮ್ಮ ರಾಶಿಯಲ್ಲಿತ್ತಲ್ಲ.

ನಾನು ನಗಲಿಲ್ಲ. ಇಷ್ಟು ಕಷ್ಟದ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ. ಅದಕ್ಕೆ ಕ್ರೆಡಿಟ್ ಕೊಡಬೇಕು.

“ಏನಮ್ಮ ಇದು? ಅತಿಥಿಗಳು ದಾರೀಲಿದ್ದಾರೆ,” ಅಂದರು ಕನ್ನಡಕ ಸಾರ್. “ಯಾಕೆ ಸುಮ್ನೆ ನಿಂತಿದೀರಿ?”

“ಕೆಲಸ ಬರಲ್ಲ ಸಾರ್,” ಅಂದಳು ಚಿಕ್ಕಮ್ಮ. ಕೈ ಕಟ್ಟಿಕೊಂಡಿದ್ದಳು. ಅವಳು ಕೈ ಕಟ್ಟಿಕೊಂಡು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇದೇನು ತಮಾಷೆ? ಮೊನ್ನೆ ನನ್ನ ಮುಂದೆ ಅಷ್ಟೆಲ್ಲ ಹೇಳಿದ್ರಿ!”

“ಅದು ನಾನಲ್ಲ ಸಾರ್. ನನ್ನ ರಕ್ತ ಹೇಳ್ತು. ಇವತ್ತು ರಕ್ತ ರಜ ಹಾಕಿದೆ. ಕಲಿತೋರು ಇದಾರಲ್ಲ, ಪೂರ್ತಿ ಕ್ರೆಡಿಟ್ ತಗೊಂಡೋರು, ಅವರು ಮಾಡ್ಲಿ.”

ಎಲ್ಲರೂ ಟೈ ಕಡೆ ನೋಡಿದರು. ಟೈ ನೆಲ ನೋಡಿದ.

ಕನ್ನಡಕ ಸಾರ್‌ಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅತ್ತಿತ್ತ ಓಡಾಡಿದರು. “ನಿಮ್ಮಂಥವರಿಗೆ ಮರ್ಯಾದೆ ಕೊಟ್ಟಿದ್ದೇ ತಪ್ಪಾಯ್ತು. ನಿಮ್ಮ ಕೆಲಸಾನ ನಾನು ಹೊಗಳಿದ್ದೆ! ಹೊಗಳಿದ್ದೆ!” ಅನ್ನುತ್ತಾ ಹಿಂದೆ ಹಿಂದೆ ಸರಿದು ಕೊಳವೆಯ ಬಾಯಿಯ ಕೆಳಗೇ ಹೋಗಿ ನಿಂತರು.

ಮೇಲೆಲ್ಲೋ ಬಾಗಿಲು ತೆರೆದ ಸದ್ದು. ಧಡಧಡ. ಧಡಧಡ.

ನಮಗೆಲ್ಲ ಕೇಳಿಸಿತು. ಅವರಿಗೆ ಕೇಳಿಸಿತು, ತಿಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಹಾರಿದಳು. ಗುಲಾಬಿ ತೋಳು ಹಿಡಿದು ಎಳೆದಳು. ಸಾರ್ ಮುಗ್ಗರಿಸಿ ಪರದೆಗಳ ರಾಶಿಯ ಮೇಲೆ ಕೂತರು. ಅವರು ನಿಂತಿದ್ದ ಜಾಗದಲ್ಲಿ ಗಂಟು ಧಪ್ ಅಂತ ಬಿತ್ತು. ಬಿಚ್ಚಿಕೊಂಡಿತು. ಹೆರಿಗೆ ವಾರ್ಡಿನದು. ಅವರ ಬೂಟಿಗೆ, ಪ್ಯಾಂಟಿಗೆ ಕೆಂಪು ಹನಿಗಳು ಸಿಡಿದವು.

ನಾನು ಗಂಟಿನ ಕಡೆ ಕೈ ತೋರಿಸಿ, ಬಹಳ ವಿನಯದಿಂದ ಅಂದೆ: “ರಕ್ತದಲ್ಲೇ ಬಂದಿದೆ ಸಾರ್.”

ಇಸ್ತ್ರಿ ಮಾವ ನಕ್ಕು ನಕ್ಕು ಇಸ್ತ್ರಿ ಮೇಜು ಹಿಡಿದುಕೊಂಡ. ಮೇಡಂ ಕೂಡ ಫೈಲ್ ಮುಖಕ್ಕೆ ಅಡ್ಡ ಹಿಡಿದರು. ಚಿಕ್ಕಮ್ಮ ನಗಲಿಲ್ಲ. ಸಾರ್ ಮುಂದೆ ನಿಂತಳು. ಅವರು ಕೆಳಗೆ ಕೂತಿದ್ದರು, ಇವಳು ನಿಂತಿದ್ದಳು.

“ನಾನು ಮೊದಲನೇ ದಿನ ಅಲ್ಲೇ ನಿಂತಿದ್ದೆ ಸಾರ್. ನನ್ನ ತೋಳು ಹಿಡಿದು ಎಳೆಯೋರು ಯಾರೂ ಇರ್ಲಿಲ್ಲ. ಬಾಯಿಗೆಲ್ಲ ಹೋಯ್ತು. ಇವತ್ತು ನಿಮ್ಮನ್ನ ಎಳೆದ್ನಲ್ಲ, ಅದು ಹುಟ್ಟಿನಿಂದ ಬಂದಿದ್ದಾ? ನಮ್ಮಮ್ಮನ ಮನೇಲಿ ಕೊಳವೆ ಇತ್ತಾ?”

ಸಾರ್ ಬೂಟು ನೋಡಿಕೊಳ್ಳುತ್ತಿದ್ದರು. ಕರ್ಚೀಫಿನಿಂದ ಉಜ್ಜಿದರು. ಕಲೆ ಹರಡಿತು.

“ಉಜ್ಜಬೇಡಿ,” ಅಂತ ಅಂದೇಬಿಟ್ಟಳು ಚಿಕ್ಕಮ್ಮ. ಆಮೇಲೆ ತುಟಿ ಕಚ್ಚಿದಳು. “ಉಜ್ಜಿಕೊಳ್ಳಿ. ನಂಗೇನ್ ಗೊತ್ತು.”

“ನೋಡಿ,” ಅಂದರು ಸಾರ್, ಎದ್ದು ನಿಂತು, ದನಿ ತಗ್ಗಿಸಿ. “ನಿಮ್ಮೊಬ್ಬರ ವಿಷಯ ಬೇಕಾದ್ರೆ ಮತ್ತೆ ನೋಡೋಣ. ಈಗ ಕೆಲಸ ಶುರು ಮಾಡ್ಸಿ.”

ಈ ಜಾಗದಲ್ಲಿ ಸಿನಿಮಾ ಆಗಿದ್ದರೆ ಹೀರೋ ಒಂದು ದೊಡ್ಡ ಭಾಷಣ ಹೊಡೆಯುತ್ತಿದ್ದ. ಚಿಕ್ಕಮ್ಮ ಹೊಡೆಯಲಿಲ್ಲ. ನಡೆದು ಹೋಗಿ ಕೊಳವೆಯ ಬಾಯಿಗೆ ಮುಖ ಒಡ್ಡಿದಳು. ಇಷ್ಟು ವರ್ಷ ಅವಳು ದೂರ ನಿಂತ ಜಾಗ ಅದು. ಎರಡೂ ಕೈಯಲ್ಲಿ ತಗಡು ಹಿಡಿದುಕೊಂಡಳು. ಉಸಿರೆಳೆದಳು.

“ಬರಲ್ಲಾ!”

ತಗಡು ಕೂಗಿತು. ಒಂದನೇ ಮಹಡಿಗೆ ಹೋಯಿತು, ಎರಡಕ್ಕೆ ಹೋಯಿತು, ಮೇಲೆ ಮೇಲೆ ಹೋಯಿತು. ಆ ಕೊಳವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋದ ಮೊದಲನೇ ವಸ್ತು ಅದು.

ಆಮೇಲೆ ಮೇಲಿನಿಂದ ಒಂದು ಹೆಣ್ಣು ದನಿ, ಹೆರಿಗೆ ವಾರ್ಡಿನ ಆಯಾಳದು: “ಯಾರೇ ಅದು? ಏನ್ ಬರಲ್ಲ?”

“ಕೆಲಸ ಕಣೇ! ಸೊನ್ನೆ ಬಂತಲ್ಲ, ಮರೆತೆಯಾ?”

ಆಮೇಲೆ ಬಾಗಿಲು ಧಡಾರನೆ ತೆರೆದ ಸದ್ದು. “ಹೌದಲ್ವಾ! ನಮಗೂ ಬರಲ್ಲಾ!” ಇನ್ನೊಂದು ಮಹಡಿಯಲ್ಲಿ ಇನ್ನೊಂದು ಬಾಗಿಲು. “ಹೂ ಜೋಡ್ಸು ಅಂದ್ರು, ನಂಗೂ ಬರಲ್ಲಾ!” ಅದು ತೋಟದವನು, ಸಭಾಂಗಣದ ಮಹಡಿಯಿಂದ. “ಅತಿಥಿಗಳ ಟೀ ನಮಗೆ ಬರಲ್ಲಾ!” ಅದು ಅಡುಗೆಮನೆ. ಬರಲ್ಲ, ಬರಲ್ಲ, ಬರಲ್ಲ. ಧಡಧಡ ಧಡಧಡ ಅಂತ ಮಾತು ಉರುಳಿ ಬಂದು ಕನ್ನಡಕ ಸಾರ್ ಮುಂದೆ ರಾಶಿ ಬಿತ್ತು.

ಅವರು ಮೇಲೆ ನೋಡಿದರು. ಆಕಾಶವಾಣಿ ಕೇಳುವವರು ಹೇಗಿರುತ್ತಾರೆ ಅಂತ ಆವತ್ತು ನನಗೆ ತಿಳಿಯಿತು. ಬಾಯಿ ತೆರೆದಿರುತ್ತದೆ.

ಉದ್ಘಾಟನೆ ಆಯಿತು. ಪರದೆ ಇಲ್ಲದೆ, ಮೇಜುಬಟ್ಟೆ ಇಲ್ಲದೆ, ಟೀ ಇಲ್ಲದೆ. ಅತಿಥಿಗಳು ಬಂದು, ಬೇಗ ಎದ್ದು ಹೋದರಂತೆ. ಮುಖ್ಯಸ್ಥರ ಗುಲಾಬಿ ಕೋಟು ನೋಡಿ ಒಬ್ಬರು ‘ಹೊಸ ಯೂನಿಫಾರ್ಮಾ?’ ಅಂತ ಕೇಳಿದರಂತೆ.

ಮಾರನೇ ದಿನ ಫೋನ್ ಬಂತು. ಮೇಡಂ. “ಇನ್ನೊಂದು ಸಲ ಸಂದರ್ಶನ ಮಾಡ್ತೀವಿ. ಮೇಲೆ ಬರ್ತೀರಾ?”

“ಬರಲ್ಲ,” ಅಂದಳು ಚಿಕ್ಕಮ್ಮ. “ನೀವೇ ಬನ್ನಿ.”

ಬಂದರು. ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂರಿಸಿದೆವು. ಕನ್ನಡಕ ಸಾರ್ ಕೊಳವೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಬಕೆಟ್ ಎಳೆದುಕೊಂಡರು. ಅಂದರೆ ಕಲಿಕೆ ಕಂಡುಬಂದಿದೆ.

“ಈ ಕೆಲಸ ನಿಮಗೆ ಎಲ್ಲಿಂದ ಬಂತು?” ಅಂದರು, ಹುಷಾರಾಗಿ.

“ಎಲ್ಲಿಂದಾನೂ ಬರ್ಲಿಲ್ಲ ಸಾರ್. ಕೂತಲ್ಲಿಗೆ ಬರೋಕೆ ಅದೇನು ನೆಂಟರಾ? ನಾನೇ ಹೋಗಿ ತಂದೆ. ಎಲ್ಲಿಂದ ತಂದೆ ಅಂತ ಹೇಳ್ತೀನಿ. ಬರ್ಕೊಳ್ಳಿ.”

ಜೇಬಿನಿಂದ ಚಮಚ ತೆಗೆದು ಅವರ ಮುಂದಿನ ಬಕೆಟ್ಟಿನ ಮೇಲೆ ಇಟ್ಟಳು. ಹೇಳಿದಳು. ಪೂರ್ತಿ ಹೇಳಿದಳು. ಬಾಯಿಗೆ ಹೋದದ್ದು, ವಾಂತಿ, ಕೈ ಬರಲ್ಲ ಅಂದದ್ದು. ಮೇಡಂ ಬರೆಯುವುದನ್ನು ನಿಲ್ಲಿಸಿದರು. “ಬರೀರಿ ಮೇಡಂ,” ಅಂದಳು ಚಿಕ್ಕಮ್ಮ. “ನಿಲ್ಲಿಸಿದ್ರೆ ಮತ್ತೆ ಸೊನ್ನೆ ಆಗತ್ತೆ.” ಮೇಡಂ ಬರೆದರು.

ಸೊನ್ನೆ ಹೋಯಿತು. ಅರ್ಧ ಕೋರ್ಸ್ ಮಾಫಿಯಾಯಿತು. ಟೈ ಕುರ್ಚಿಯಲ್ಲಿ ಇನ್ನೂ ಇದ್ದಾನೆ, ಚಿಕ್ಕಮ್ಮನ ಸರ್ಟಿಫಿಕೇಟ್ ಬರುವ ತನಕ. ಕುರ್ಚಿಯ ಅಂಚಿನಲ್ಲಿ ಮಾತ್ರ ಕೂರುತ್ತಾನೆ. ಚಿಕ್ಕಮ್ಮ ಈಗ ಸಂಜೆ ಕ್ಲಾಸಿಗೆ ಹೋಗುತ್ತಾಳೆ. ಮೊದಲ ದಿನ ಬಾಗಿಲ ತನಕ ನಾನೇ ಬಿಟ್ಟು ಬಂದೆ. ಕಿಟಕಿಯಲ್ಲಿ ಇಣುಕಿ ನೋಡಿದೆ. ಮೇಷ್ಟ್ರು ಬೋರ್ಡಿನ ಮೇಲೆ ಏನೋ ಲೆಕ್ಕ ಬರೆದು ಚಿಕ್ಕಮ್ಮನನ್ನು ಕೇಳಿದರು, “ಇದು ಬರತ್ತಾ?”

ಚಿಕ್ಕಮ್ಮ ಎದ್ದು ನಿಂತಳು. “ಬರಲ್ಲ ಸಾರ್,” ಅಂದಳು. ಅಷ್ಟು ಖುಷಿಯಾಗಿ ಆ ಮಾತನ್ನು ಯಾರೂ ಹೇಳಿರಲಿಕ್ಕಿಲ್ಲ. “ಕಲೀತೀನಿ.”

ಇಷ್ಟಕ್ಕೆ ಶುಭಂ ಅಂತ ಪರದೆ ಎಳೆಯಬಹುದಿತ್ತು. ಎಳೆಯುವ ಹಾಗಿಲ್ಲ. ಆಯಾಗಳದು ‘ಪರಿಶೀಲನೆಯಲ್ಲಿದೆ’ ಅಂತೆ. ಅಡುಗೆಮನೆಯದು ಮುಂದಿನ ಸಭೆಗೆ ಹೋಗಿದೆಯಂತೆ. ಇಸ್ತ್ರಿ ಮಾವನಿಗೆ ವಯಸ್ಸಾಯಿತು, ಇನ್ನು ಕ್ರೆಡಿಟ್ ತಗೊಂಡು ಏನು ಮಾಡ್ತಾರೆ ಅಂದರಂತೆ. ಅವನ ಸೊನ್ನೆ ಹಾಗೇ ಇದೆ.

ಇವತ್ತು ಬೆಳಗ್ಗೆ ಕನ್ನಡಕ ಸಾರ್ ಲಿಫ್ಟಿನ ಹತ್ತಿರ ಸಿಕ್ಕಿದ್ದರು. ಹೊಸ ಕೋಟು. ಬೆಳ್ಳಗೆ ಹಾಲಿನ ಹಾಗಿದೆ, ಒಂದು ಕಲೆ ಇಲ್ಲ. ಆದರೆ ಹಸು ಅಗಿದು ಉಗಿದ ಹಾಗೆ ಮುದ್ದೆಮುದ್ದೆ. ಕೊರಳಪಟ್ಟಿ ಒಂದು ಕಿವಿಗೆ ಅಂಟಿದೆ, ಜೇಬು ಒಳಗಿನಿಂದ ಹೊರಗೆ ಬಂದಿದೆ.

“ಏನಯ್ಯಾ,” ಅಂದರು, “ಈ ಕೋಟಿಗೆ ಯಾರೂ ಇಸ್ತ್ರಿ ಹಾಕಲ್ವಾ?”

ನಾನು ಟ್ರಾಲಿ ನಿಲ್ಲಿಸಿದೆ. ಬಾಯೊಳಗೇ ಹಿನ್ನೆಲೆ ಸಂಗೀತ ಕೊಟ್ಟುಕೊಂಡೆ.

“ಮಾವನಿಗೆ ಬರಲ್ಲ ಸಾರ್.”